ರಿಂಗ್ ರೋಡಿಗೆ ಸ್ಕೈವಾಕ್ ಬೇಕಾ? ಮೊದಲು ಲೆಕ್ಕ ಹಾಕೋಣ

(1/8)

ರಿಂಗ್ ರೋಡಲ್ಲಿ ಒಂದು ಆಕ್ಸಿಡೆಂಟ್ ಆದ್ರೆ ಸಾಕು, ಅವತ್ತು ಸಂಜೆ ನಮ್ಮ ರಾಜೀವನಗರದ ಅರ್ಧ ಜನರ ವಾಟ್ಸಾಪ್ ಸ್ಟೇಟಸ್‌ನಲ್ಲಿ ಒಂದೇ ಮಾತು: "ಇಲ್ಲೊಂದು ಸ್ಕೈವಾಕ್ ಕಟ್ಟಿಸಿ ಸ್ವಾಮಿ." ಎರಡು ದಿನ ಇರತ್ತೆ, ಆಮೇಲೆ ಮದುವೆ ಫೋಟೋ, ಕ್ರಿಕೆಟ್ ಸ್ಕೋರು. ಮತ್ತೆ ಇನ್ನೊಂದು ಆಕ್ಸಿಡೆಂಟ್ ಆಗೋವರೆಗೂ ಆ ಮಾತು ಯಾರೂ ಎತ್ತಲ್ಲ.

ಈ ಸಲ ಆ ಮಾತನ್ನ ಪೂರ್ತಿ ಮಾತಾಡಿ ಮುಗಿಸೋಣ ಅಂತ ಎಂಟು ಪೋಸ್ಟ್ ಬರೀತಿದ್ದೀನಿ. ಹೊಸಬರಿಗೆ ಪರಿಚಯ: ನಾನು ರಾಜೀವನಗರದವನು, ವಯಸ್ಸು ಇಪ್ಪತ್ತು, ಓದ್ತಿರೋದು ಬಿಕಾಂ. ಇಂಜಿನಿಯರ್ ಅಲ್ಲ. ಆದ್ರೆ ಜಮಾ-ಖರ್ಚು ಬರೆಯೋದು ಬರತ್ತೆ. ಸೇತುವೆ ವಿಷಯದಲ್ಲಿ ನಮ್ಮೂರಿಗೆ ಈಗ ಬೇಕಾಗಿರೋದೂ ಅದೇ ಅನ್ಸತ್ತೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ, ಕೊನೇವರೆಗೂ ಕಾಯಿಸಲ್ಲ. ರಿಂಗ್ ರೋಡನ್ನ ನಡೆದು ದಾಟೋರಿಗೆ ಸುರಕ್ಷತೆ ಬೇಕೇ ಬೇಕು, ಇವತ್ತೇ ಬೇಕು. ಆದ್ರೆ ನಾವು ಮೊದಲು ಕೇಳಬೇಕಾಗಿರೋದು ಸ್ಕೈವಾಕ್ ಅಲ್ಲ. ನೆಲದ ಮೇಲೇ, ನಡೆಯೋ ಮಟ್ಟದಲ್ಲೇ, ಗಾಡಿಗಳನ್ನ ನಿಲ್ಲಿಸಿ ದಾಟಿಸೋ ವ್ಯವಸ್ಥೆ. ಸೇತುವೆ ಬರೋದಾದ್ರೆ ಅದರ ಜೊತೆಗೆ ಬರಲಿ, ಅದರ ಬದಲಿಗೆ ಬೇಡ.

ಇದನ್ನ ಹೇಳಿದ ತಕ್ಷಣ "ಜನ ಸಾಯ್ತಿದ್ರೆ ನಿಂಗೆ ಸೇತುವೆ ಬೇಡ್ವಾ?" ಅಂತ ಕೇಳೋರಿದ್ದಾರೆ. ಕೇಳಿ, ನ್ಯಾಯವಾದ ಪ್ರಶ್ನೆ ಅದು. ಅದಕ್ಕೆ ಒಂದು ಸಾಲಿನಲ್ಲಿ ಉತ್ತರ ಕೊಡೋಕಾಗಲ್ಲ ಅಂತಾನೇ ಎಂಟು ಪೋಸ್ಟ್.

ರಸ್ತೆ ಯಾವುದು ಅಂತ ಗೊತ್ತಿಲ್ಲದೋರಿಗೆ: ಮೈಸೂರನ್ನ ಸುತ್ತು ಹಾಕೋ ಹೊರ ವರ್ತುಲ ರಸ್ತೆ. ಸುಮಾರು 42 ಕಿಲೋಮೀಟರ್ ಉದ್ದ, ಆರು ಪಥ. ಹೆಸರೇ ಹೇಳೋ ಹಾಗೆ, ಊರಿನ ಅಂಚು ಅಂದ್ಕೊಂಡು ಮಾಡಿದ್ದು. ಊರು ಅಂಚಲ್ಲಿ ನಿಲ್ಲಲಿಲ್ಲ. ಈಗ ರಸ್ತೆಯ ಒಳಗೂ ಮನೆ, ಹೊರಗೂ ಮನೆ. ನಮ್ಮ ಕಡೆ ರಾಜೀವನಗರ, ಉದಯಗಿರಿ, ಸಾತಗಳ್ಳಿ ಸುತ್ತಮುತ್ತ ನೋಡಿ, ದಿನಾ ಎಷ್ಟು ಜನ ಈ ಕಡೆಯಿಂದ ಆ ಕಡೆ ಹೋಗ್ತಾರೆ ಅಂತ. ಊರು ಬೈಪಾಸ್ ದಾಟಿ ಬೆಳೆದ ಮೇಲೂ ಆ ರಸ್ತೆ ಬೈಪಾಸ್ ಥರಾನೇ ಓಡ್ತಿದೆ. ಸಮಸ್ಯೆಯ ಬೇರು ಅದು.

(2/8)

ಯಾರು ದಾಟ್ತಾರೆ?

ಈ ಪ್ರಶ್ನೆ ಕೇಳದೇ ಸೇತುವೆ ಕಟ್ಟೋದು ಅಂದ್ರೆ, ಗಿರಾಕಿ ಯಾರು ಅಂತ ನೋಡದೇ ಅಂಗಡಿ ಹಾಕಿದ ಹಾಗೆ.

ಕಾರಿರೋರು ನಡೆದು ದಾಟಲ್ಲ. ಬೈಕಿರೋರು ಯೂ ಟರ್ನ್ ತಗೋತಾರೆ. ನಡೆದು ದಾಟೋರು ಬೇರೆ. ಬೆಳಿಗ್ಗೆ ಏಳೂವರೆಗೆ ಬ್ಯಾಗ್ ಹೊತ್ಕೊಂಡು ಹೋಗೋ ಸ್ಕೂಲ್ ಮಕ್ಕಳು. ಕಟ್ಟಡದ ಕೆಲಸಕ್ಕೆ ಹೋಗೋ ಗಾರೆಯವರು, ಕೈಯಲ್ಲಿ ಕರಣೆ, ಊಟದ ಡಬ್ಬಿ. ಮನೆಕೆಲಸಕ್ಕೆ ಹೋಗೋ ಅಕ್ಕಂದಿರು, ಒಂದೊಂದು ದಿನಕ್ಕೆ ಮೂರು ಮನೆ. ಮನೆಯಲ್ಲೇ ಊದುಬತ್ತಿ ಹೊಸೆದು ತಲೆ ಮೇಲೆ ಮೂಟೆ ಇಟ್ಕೊಂಡು ಒಪ್ಪಿಸೋಕೆ ಹೋಗೋ ಹೆಂಗಸರು. ತಳ್ಳುಗಾಡಿಯವರು, ಅವರ ಗಾಡಿಗೆ ಮೆಟ್ಟಿಲು ಹತ್ತೋಕೆ ಬರಲ್ಲ. ಎಳೆ ಮಗೂನ ಸೊಂಟದ ಮೇಲೆ ಕೂರಿಸ್ಕೊಂಡು, ಇನ್ನೊಂದು ಮಗು ಕೈ ಹಿಡ್ಕೊಂಡು ಬಸ್ ಸ್ಟಾಪಿಗೆ ಹೋಗೋ ತಾಯಂದಿರು. ಮಂಡಿ ನೋವಿನ ಅಜ್ಜ-ಅಜ್ಜಿಯರು.

ನಮ್ಮನೆ ವಿಷಯ ಹೇಳ್ತೀನಿ. ನಮ್ಮತ್ತೆ, ಅಂದ್ರೆ ಅಪ್ಪನ ಅಕ್ಕ, ರಿಂಗ್ ರೋಡಿನಾಚೆ ಹೊಸ ಬಡಾವಣೆಯಲ್ಲಿದ್ದಾರೆ. ನಡೆದ್ರೆ ಅರ್ಧ ಕಿಲೋಮೀಟರ್ ಸ್ವಲ್ಪ ಮೇಲೆ. ಅಜ್ಜಿಗೆ ಮಗಳ ಮನೆ ಅದು. ಮುಂಚೆ ವಾರಕ್ಕೆ ಎರಡು ಸಲ ಹೋಗ್ತಿದ್ರು, ಡಬ್ಬಿಯಲ್ಲಿ ಸಾರು ತಗೊಂಡು. ಈಗ ರಸ್ತೆ ದಾಟೋಕೆ ಭಯ. ಯಾರಾದ್ರೂ ಜೊತೆಗೆ ಹೋಗಬೇಕು, ಇಲ್ಲಾಂದ್ರೆ ಆಟೋ. ಅರ್ಧ ಕಿಲೋಮೀಟರ್ ದೂರಕ್ಕೆ ಆಟೋ ಮಿನಿಮಮ್ ಚಾರ್ಜ್ ಹೋಗ್ತಾ ಒಂದು, ಬರ್ತಾ ಒಂದು. ಅಜ್ಜಿ ಬಾಯಿಬಿಟ್ಟು ಏನೂ ಹೇಳಿಲ್ಲ, ಸುಮ್ನೆ ಹೋಗೋದನ್ನ ಕಮ್ಮಿ ಮಾಡಿದ್ರು. ತಿಂಗಳಿಗೆ ಒಂದ್ಸಲ ಆದ್ರೆ ಜಾಸ್ತಿ.

ಇಂಥದ್ದು ಯಾವ ಆಕ್ಸಿಡೆಂಟ್ ರಿಪೋರ್ಟಲ್ಲೂ ಬರಲ್ಲ. ಯಾರಿಗೂ ಏಟಾಗಿಲ್ಲ, ಎಫ್‌ಐಆರ್ ಇಲ್ಲ. ಅಧಿಕಾರಿಗಳ ಪಟ್ಟಿಯಲ್ಲಿ ನಮ್ಮಜ್ಜಿ "ಸುರಕ್ಷಿತ". ಆದ್ರೆ ಒಂದು ರಸ್ತೆ ತಾಯಿ-ಮಗಳನ್ನ ದೂರ ಮಾಡಿದೆ. ನಿಮ್ಮ ಮನೇಲೂ ಇಂಥ ಒಬ್ಬರು ಇದ್ದಾರಾ ನೋಡಿ. ಟ್ಯೂಷನ್‌ಗೆ ಕಳಿಸೋದು ಬಿಟ್ಟ ಮಗು, ಆ ಕಡೆಯ ಅಗ್ಗದ ಸಂತೆಗೆ ಹೋಗೋದು ಬಿಟ್ಟ ಅಮ್ಮ.

ಈಗ ಇದೇ ಅಜ್ಜಿಗೆ ಸ್ಕೈವಾಕ್ ಕಟ್ಟಿಕೊಟ್ರೆ ಏನಾಗತ್ತೆ? ಮುಂದಿನ ಪೋಸ್ಟಲ್ಲಿ ಮೆಟ್ಟಿಲು ಎಣಿಸೋಣ.

(3/8)

ಮೆಟ್ಟಿಲ ಲೆಕ್ಕ.

ಪೆನ್ನು ಪೇಪರ್ ತಗೊಳ್ಳಿ. ಎಲ್ಲಾ ಸರಳ ಗುಣಾಕಾರ, ಭಾಗಾಕಾರ.

ಲಾರಿ, ಬಸ್ ಕೆಳಗೆ ಹೋಗಬೇಕಲ್ವಾ, ಅದಕ್ಕೆ ಸೇತುವೆ ಕೆಳಗೆ 5.5 ಮೀಟರ್ ಎತ್ತರದ ಜಾಗ ಬಿಡೋದು ರೂಢಿ. ಮೇಲೆ ಸೇತುವೆಯದ್ದೇ ದಪ್ಪ, ಕಬ್ಬಿಣದ ತೊಲೆ, ನೆಲ ಎಲ್ಲಾ ಸೇರಿ ಅರ್ಧ ಮೀಟರ್ ಅಂತ ಕಮ್ಮಿನೇ ಹಿಡಿಯೋಣ. ಒಟ್ಟು 6 ಮೀಟರ್. ಮಾಮೂಲಿ ಮನೆಯ ಎರಡು ಮಹಡಿ.

ಒಂದು ಮೆಟ್ಟಿಲು 15 ಸೆಂಟಿಮೀಟರ್. 6 ಮೀಟರಿಗೆ 40 ಮೆಟ್ಟಿಲು. ಹತ್ತೋಕೆ 40, ಇಳಿಯೋಕೆ 40. ಹೋಗಿ ಬರೋಕೆ 160. ಮೂರು ಮನೆ ಕೆಲಸ ಮಾಡಿ ಬಂದ ಅಕ್ಕನಿಗೆ, ತಲೆ ಮೇಲೆ ಮೂಟೆ ಇರೋರಿಗೆ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನ ನಾವು ಹರಕೆ ಹೊತ್ತು, ಅರಿಶಿನ ಕುಂಕುಮ ಹಚ್ಚಿ, ಖುಷಿಯಾಗಿ ಹತ್ತುತ್ತೀವಿ, ಅದು ಬೇರೆ. ಹಾಲಿನ ಪ್ಯಾಕೆಟ್ ತರೋಕೆ ಯಾರೂ ಹರಕೆ ಹೊರಲ್ಲ.

"ರ‍್ಯಾಂಪ್ ಮಾಡಿದ್ರಾಯ್ತು" ಅಂತೀರಾ? ವೀಲ್‌ಚೇರ್ ಹತ್ತೋ ಇಳಿಜಾರಿಗೆ ಲೆಕ್ಕ ಒಂದಕ್ಕೆ ಹನ್ನೆರಡು. ಒಂದು ಮೀಟರ್ ಮೇಲೇರೋಕೆ ಹನ್ನೆರಡು ಮೀಟರ್ ಉದ್ದ. 6 ಮೀಟರಿಗೆ 72 ಮೀಟರ್. ಎರಡೂ ಕಡೆ ಸೇರಿ 144, ಮಧ್ಯೆ ನಿಂತು ಉಸಿರಾಡೋ ಜಾಗ ಬೇರೆ. ಅದನ್ನ ಸುತ್ತಿ ಸುತ್ತಿ ಕಟ್ಟೋಕೆ ರಸ್ತೆ ಪಕ್ಕದಲ್ಲಿ ಜಾಗ ಬೇಕು.

ಈಗ ಇದಕ್ಕೆ ಎದುರಾಗಿ ನೆಲದ ಲೆಕ್ಕ ಹಾಕಿ. ಒಂದು ಪಥದ ಅಗಲ 3.5 ಮೀಟರ್. ಒಂದು ದಿಕ್ಕಿಗೆ ಮೂರು ಪಥ, ಅಂದ್ರೆ 10.5 ಮೀಟರ್. ಸಿಗ್ನಲ್ ಟೈಮ್ ಲೆಕ್ಕ ಹಾಕೋವಾಗ ಮನುಷ್ಯನ ನಡಿಗೆ ಸೆಕೆಂಡಿಗೆ 1.2 ಮೀಟರ್ ಅಂತ ಸಾಮಾನ್ಯವಾಗಿ ಹಿಡೀತಾರೆ. ಹಾಗಾದ್ರೆ ಅರ್ಧ ರಸ್ತೆಗೆ 9 ಸೆಕೆಂಡ್. ನಮ್ಮಜ್ಜಿ ನಿಧಾನ, ಸೆಕೆಂಡಿಗೆ 0.8 ಮೀಟರ್ ಅನ್ನೋಣ. ಆಗ 13 ಸೆಕೆಂಡ್. ಮಧ್ಯೆ ಡಿವೈಡರ್‌ನಲ್ಲಿ ನಿಲ್ಲೋಕೆ ಸರಿಯಾದ ಜಾಗ ಇದ್ರೆ, ಇನ್ನೊಂದು 13 ಸೆಕೆಂಡ್.

ಒಂದು ಕಡೆ 80 ಮೆಟ್ಟಿಲು. ಇನ್ನೊಂದು ಕಡೆ 26 ಸೆಕೆಂಡ್ ಸಮತಟ್ಟಾದ ನಡಿಗೆ. ಆ 26 ಸೆಕೆಂಡ್‌ಗೆ ಗಾಡಿ ನಿಲ್ಲಿಸೋ ಮನಸ್ಸು ಊರಿಗೆ ಇದೆಯಾ ಇಲ್ವಾ ಅನ್ನೋದೇ ಇಲ್ಲಿರೋ ಪ್ರಶ್ನೆ. ಸೇತುವೆ ಅನ್ನೋದು ಆ ಪ್ರಶ್ನೆಯಿಂದ ತಪ್ಪಿಸ್ಕೊಳ್ಳೋ ದಾರಿ.

(4/8)

ಖರ್ಚು ಯಾರ ಖಾತೆಗೆ?

ಅಕೌಂಟ್ಸ್ ಕ್ಲಾಸಲ್ಲಿ ಮೊದಲ ವಾರವೇ ಕಲಿಸ್ತಾರೆ: ಪ್ರತಿ ಡೆಬಿಟ್‌ಗೂ ಎಲ್ಲೋ ಒಂದು ಕ್ರೆಡಿಟ್ ಇರಲೇಬೇಕು. ಯಾರಿಗೋ ಲಾಭ ಆಯ್ತು ಅಂದ್ರೆ ಯಾರ ಹತ್ರದಿಂದ ಬಂತು ಅಂತ ಹುಡುಕು.

ಸ್ಕೈವಾಕ್‌ನಿಂದ ಲಾಭ ಯಾರಿಗೆ? ಗಾಡಿಯವರಿಗೆ. ಅವರು ಬ್ರೇಕ್ ಒತ್ತಬೇಕಾಗಿಲ್ಲ. ಬೆಲೆ ಕೊಡೋರು ಯಾರು? ನಡೆಯೋರು. ಸಮಯ, ಮಂಡಿ, ಉಸಿರು. ಉದಾಹರಣೆಗೆ ಒಂದು ಗಂಟೆಯಲ್ಲಿ 300 ಜನ ದಾಟ್ತಾರೆ, ಒಬ್ಬೊಬ್ಬರಿಗೆ 2 ನಿಮಿಷ ಜಾಸ್ತಿ ಆಗತ್ತೆ ಅಂತ ಇಟ್ಕೊಳ್ಳಿ. 600 ನಿಮಿಷ, ಹತ್ತು ಗಂಟೆ. ಬೆಳಿಗ್ಗೆಯ ಒಂದೇ ಗಂಟೆಯಲ್ಲಿ ಹತ್ತು ಗಂಟೆ ನಷ್ಟ, ಅದೂ ದಿನಗೂಲಿಯವರ ಹತ್ತು ಗಂಟೆ. "ಟ್ರಾಫಿಕ್ ಸುಗಮವಾಯ್ತು" ಅಂತ ಬರೆಯೋ ರಿಪೋರ್ಟಲ್ಲಿ ಈ ಸಾಲು ಇರಲ್ಲ. ಹೆಸರು ಮಾತ್ರ "ಪಾದಚಾರಿ ಸೌಲಭ್ಯ".

ಎರಡನೇ ವಿಷಯ, ಕಟ್ಟೋ ದುಡ್ಡು. ಸೇತುವೆಗೆ ಕೋಟಿ ಲೆಕ್ಕದಲ್ಲಿ ಬೇಕು. ಬೆಂಗಳೂರಲ್ಲಿ ಬಹಳಷ್ಟು ಸ್ಕೈವಾಕ್‌ಗಳನ್ನ ಖಾಸಗಿಯವರ ಜೊತೆ ಸೇರಿ ಕಟ್ಟಿಸಿದ್ರು. ಅವರೇ ಕಟ್ಟಬೇಕು, ಅವರೇ ನೋಡ್ಕೋಬೇಕು, ಬದಲಿಗೆ ಅದರ ಮೇಲೆ ಜಾಹೀರಾತು ಹಾಕಿ ದುಡಿಯಬಹುದು. ಕೇಳೋಕೆ ಚೆನ್ನಾಗಿದೆ, ಸರ್ಕಾರಕ್ಕೆ ಖರ್ಚಿಲ್ಲ. ಆದ್ರೆ ಆದಾಯ ಬರೋದು ಎಲ್ಲಿಂದ ನೋಡಿ. ಜಾಹೀರಾತು ನೋಡೋದು ಕೆಳಗೆ ಕಾರಲ್ಲಿ ಕೂತಿರೋರು. ಮೇಲೆ ನಡೆಯೋರಿಗೆ ಆ ಬೋರ್ಡಿನ ಬೆನ್ನು ಮಾತ್ರ ಕಾಣೋದು. ಸೇತುವೆ ಮೇಲೆ ಒಬ್ಬನೇ ಒಬ್ಬ ನಡೆಯದೇ ಇದ್ರೂ ಬಾಡಿಗೆ ಬರತ್ತೆ. ವ್ಯಾಪಾರದ ಭಾಷೆಯಲ್ಲಿ ಹೇಳಬೇಕಂದ್ರೆ, ನಡೆಯೋರು ಇಲ್ಲಿ ಗಿರಾಕಿನೇ ಅಲ್ಲ. ಗಿರಾಕಿ ಅಲ್ಲದೋರಿಗೆ ಲಿಫ್ಟ್ ಕೆಟ್ಟರೆ ರಿಪೇರಿ ಎಷ್ಟು ಬೇಗ ಆಗತ್ತೆ ಅಂತ ನೀವೇ ಹೇಳಿ.

ಮುಂಬೈದೂ ನೋಡಿ. ಬಾಂದ್ರಾ ಸ್ಟೇಷನ್ನಿಂದ ಕಲಾನಗರಕ್ಕೆ 2008ರಲ್ಲಿ ಮೊದಲ ಸ್ಕೈವಾಕ್ ತೆರೆದ್ರು. ಆಮೇಲೆ ಊರಲ್ಲೆಲ್ಲಾ ಕಟ್ಟಿದ್ರು. ಆ ಮೊದಲನೆಯದೇ ಹಾಳಾಗಿ ಮುಚ್ಚಿ, ಕೆಡವೋ ಪರಿಸ್ಥಿತಿ ಬಂತು.

ಮೂರನೇದು ಬಂಡವಾಳ ವೆಚ್ಚಕ್ಕೂ ನಿರ್ವಹಣಾ ವೆಚ್ಚಕ್ಕೂ ಇರೋ ವ್ಯತ್ಯಾಸ. ಕಟ್ಟೋದಕ್ಕೆ ಶಂಕುಸ್ಥಾಪನೆ ಇದೆ, ಉದ್ಘಾಟನೆ ಇದೆ, ಹಾರ ಇದೆ. ಬಲ್ಬ್ ಬದಲಾಯಿಸೋಕೆ ಯಾರು ಹಾರ ಹಾಕ್ತಾರೆ? ನಮ್ಮ ರಿಂಗ್ ರೋಡಿನ ಬೀದಿದೀಪಗಳು ಉರಿಯದೇ ವರ್ಷಗಟ್ಟಲೆ ಪೇಪರಲ್ಲಿ ಸುದ್ದಿಯಾದವು. ದೀಪಕ್ಕೇ ಈ ಗತಿ ಆದ್ರೆ, ಲಿಫ್ಟ್‌ಗೆ?

(5/8)

ಹಾಗಾದ್ರೆ ಸೇತುವೆ ಎಲ್ಲೂ ಬೇಡ್ವಾ? ಬೇಕು. ಎಲ್ಲಿ ಬೇಕು ಅಂತ ನೋಡೋಣ.

ನಮಗೆ ಹತ್ತಿರದ ಉದಾಹರಣೆ ಬೆಂಗಳೂರು–ಮೈಸೂರು ಹೆದ್ದಾರಿ. 2023ರ ಮಾರ್ಚ್ 12ರಂದು ಉದ್ಘಾಟನೆ ಆಯ್ತು. ಅದೇ ವರ್ಷ ಆಗಸ್ಟ್ 1ರಿಂದ ಮುಖ್ಯ ರಸ್ತೆಗೆ ಬೈಕ್, ಆಟೋ, ಟ್ರ್ಯಾಕ್ಟರ್ ಬರೋ ಹಾಗಿಲ್ಲ ಅಂತ ಮಾಡಿದ್ರು. ಎರಡೂ ಕಡೆ ಬೇಲಿ, ಪಕ್ಕದಲ್ಲಿ ಸರ್ವಿಸ್ ರೋಡ್. ಗಾಡಿಗಳು ಗಂಟೆಗೆ 100 ಕಿಲೋಮೀಟರಲ್ಲಿ ಹೋಗಲಿ ಅಂತಾನೇ ಮಾಡಿರೋ ರಸ್ತೆ.

ಆದ್ರೆ ಆ ರಸ್ತೆ ಖಾಲಿ ಬಯಲಲ್ಲಿ ಹೋಗಿಲ್ಲ. ಮಂಡ್ಯ, ರಾಮನಗರ ಕಡೆಯ ಊರುಗಳ ಮಧ್ಯೆ ಹೋಗಿದೆ. ಮನೆ ಈ ಕಡೆ, ಗದ್ದೆ ಆ ಕಡೆ. ಡೈರಿ ಈ ಕಡೆ, ಹಸು ಆ ಕಡೆ. ಜನ ಬೇಲಿ ಹಾರಿದ್ರು, ಬೇಲಿ ಸಂದಿಯಲ್ಲಿ ನುಸುಳಿದ್ರು, ಸತ್ತರು ಕೂಡ. ನಮಗೆ ಮೇಲ್ಸೇತುವೆ ಕೊಡಿ, ಅಂಡರ್‌ಪಾಸ್ ಕೊಡಿ ಅಂತ ಹಳ್ಳಿಯವರು ಕೇಳಿದ್ದು ನೂರಕ್ಕೆ ನೂರು ನ್ಯಾಯ. ಅಲ್ಲಿ ನೆಲದ ಮೇಲೆ ದಾಟಿಸೋಕೆ ಆಗೋದೇ ಇಲ್ಲ. 100ರಲ್ಲಿ ಬರೋ ಕಾರಿಗೆ ಜೀಬ್ರಾ ಪಟ್ಟೆ ತೋರಿಸಿ ಏನು ಪ್ರಯೋಜನ? ರಸ್ತೆ ಮಾಡೋವಾಗಲೇ ಕಟ್ಟಬೇಕಾಗಿದ್ದ ಸೇತುವೆಗಳವು.

ರೈಲ್ವೆ ಹಳಿನೂ ಹಾಗೇ. ರೈಲಿಗೆ ಸಿಗ್ನಲ್ ಹಾಕಿ "ಅಜ್ಜಿ ದಾಟ್ತಿದ್ದಾರೆ, ನಿಲ್ಲು" ಅನ್ನೋಕಾಗಲ್ಲ. ಅಲ್ಲಿ ಮೇಲ್ಸೇತುವೆ ಬಿಟ್ರೆ ಸುರಂಗ.

ಹಾಗಾದ್ರೆ ರಿಂಗ್ ರೋಡ್ ಯಾವ ಜಾತಿಯ ರಸ್ತೆ? ಇದನ್ನ ತೀರ್ಮಾನ ಮಾಡದೇ ಇರೋದೇ ನಮ್ಮ ಕಷ್ಟ. ಬೇಲಿ ಇಲ್ಲ. ಬೈಕು, ಆಟೋ, ಸೈಕಲ್, ಎತ್ತಿನಗಾಡಿ ಎಲ್ಲಾ ಬರತ್ತೆ. ಪಕ್ಕದಲ್ಲೇ ಟೀ ಅಂಗಡಿ, ಎಳನೀರು, ಪಂಕ್ಚರ್ ಶಾಪ್, ಕಲ್ಯಾಣ ಮಂಟಪ. ಬಸ್ ನಿಲ್ಲತ್ತೆ. ಜಂಕ್ಷನ್‌ಗೆ ಜಂಕ್ಷನ್‌ಗೆ ಅಡ್ಡರಸ್ತೆ. ಇದು ಎಕ್ಸ್‌ಪ್ರೆಸ್‌ವೇ ಅಲ್ಲ, ಊರೊಳಗಿನ ರಸ್ತೆ. ಆದ್ರೆ ಅದರ ಮೇಲೆ ಓಡೋರು ಮಾತ್ರ ಎಕ್ಸ್‌ಪ್ರೆಸ್‌ವೇ ಅಂದ್ಕೊಂಡಿದ್ದಾರೆ.

ಇಲ್ಲಿ ನಾವು ಸ್ಕೈವಾಕ್ ಒಂದನ್ನೇ ಕೇಳಿದ್ರೆ ನಮ್ಮ ಬಾಯಿಂದಲೇ ಒಪ್ಕೊಂಡ ಹಾಗಾಗತ್ತೆ: "ನೆಲ ನಿಮ್ಮದು ಸ್ವಾಮಿ, ನೀವು ಎಷ್ಟು ಸ್ಪೀಡಲ್ಲಾದ್ರೂ ಹೋಗಿ, ನಾವು ಮೇಲಿಂದ ಹೋಗ್ತೀವಿ." ಸೇತುವೆ ಬಂದ ಮೇಲೆ ಕೆಳಗೆ ದಾಟಿ ಏಟು ತಿಂದೋರಿಗೆ ಏನಂತಾರೆ ಗೊತ್ತಲ್ಲ? "ಸ್ಕೈವಾಕ್ ಇತ್ತಲ್ಲಾ, ಇವರಿಗೇನಾಗಿತ್ತು ರೋಗ?" ತಪ್ಪು ಗಾಡಿಯಿಂದ ಇಳಿದು ಸತ್ತವರ ಹೆಗಲಿಗೆ ಹತ್ತತ್ತೆ.

(6/8)

ಕೊಲ್ಲೋದು ರಸ್ತೆಯ ಅಗಲ ಅಲ್ಲ, ಸ್ಪೀಡ್.

ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತೋರು 1,68,491 ಜನ. ಅದರಲ್ಲಿ ನಡ್ಕೊಂಡು ಹೋಗ್ತಿದ್ದೋರು 32,825. ವರ್ಷದ ದಿನಗಳಿಗೆ ಭಾಗಿಸಿ ನೋಡಿ, ದಿನಕ್ಕೆ ಸುಮಾರು 90 ಜನ. ಇವರು ಹೆಲ್ಮೆಟ್ ಹಾಕದೇ ಇದ್ದೋರಲ್ಲ, ಕುಡಿದು ಓಡಿಸ್ತಿದ್ದೋರಲ್ಲ. ಮನೆಯಿಂದ ಹೊರಗೆ ಕಾಲಿಟ್ಟೋರು.

ವಿಶ್ವ ಆರೋಗ್ಯ ಸಂಸ್ಥೆ ಹೇಳೋದು: ಕಾರಿನ ಮುಂಭಾಗ ಬಡಿದಾಗ ನಡೆಯೋನು ಸಾಯೋ ಸಾಧ್ಯತೆ, ಸ್ಪೀಡ್ 50ರಿಂದ 65ಕ್ಕೆ ಏರಿದ್ರೆ ನಾಲ್ಕೂವರೆ ಪಟ್ಟು ಜಾಸ್ತಿ ಆಗತ್ತೆ. ಬರೀ 15 ಕಿಲೋಮೀಟರ್ ವ್ಯತ್ಯಾಸ. ಬೈಕ್ ಓಡಿಸೋರಿಗೆ ಗೊತ್ತು, ರಿಂಗ್ ರೋಡಲ್ಲಿ 50ರಲ್ಲಿ ಹೋದ್ರೆ ಹಿಂದಿನೋನು ಹಾರ್ನ್ ಹೊಡೀತಾನೆ.

ಹಾಗಾಗಿ ಕೇಳಬೇಕಾದ್ದು ಸ್ಪೀಡ್ ಇಳಿಸೋ ವ್ಯವಸ್ಥೆ. ಪಟ್ಟಿ ಮಾಡ್ತೀನಿ, ಸೇವ್ ಮಾಡ್ಕೊಳ್ಳಿ.

ಒಂದು: ಜನ ನಿಜವಾಗಿ ದಾಟೋ ಜಾಗದಲ್ಲೇ ಸಿಗ್ನಲ್, ಅದರಲ್ಲಿ ನಡೆಯೋರಿಗೆ ಅಂತಾನೇ ಹಸಿರು ದೀಪ. ಸಿಗ್ನಲ್ ಇರೋ ಜಂಕ್ಷನ್‌ಗಳಲ್ಲೂ ನೋಡಿ, ಒಂದು ಕಡೆ ನಿಂತರೆ ಇನ್ನೊಂದು ಕಡೆಯಿಂದ ಗಾಡಿ ಬಿಡ್ತಾರೆ. ನಡೆಯೋನ ಸರದಿ ಯಾವಾಗ? ನಮ್ಮಜ್ಜಿಗೆ ಸಾಲೋಷ್ಟು, ಅರ್ಧ ರಸ್ತೆಗೆ 15 ಸೆಕೆಂಡ್ ಕೊಡಿ.

ಎರಡು: ಜೀಬ್ರಾ ಪಟ್ಟೆಯನ್ನ ಬರೀ ಬಣ್ಣದಲ್ಲಿ ಬಳಿಯೋದಲ್ಲ. ಫುಟ್‌ಪಾತ್ ಎತ್ತರಕ್ಕೆ ಅಗಲವಾದ, ಚಪ್ಪಟೆಯಾದ ದಿಬ್ಬ ಮಾಡಿ ಅದರ ಮೇಲೆ ಪಟ್ಟೆ. ಗಾಡಿ ತಾನಾಗೇ ನಿಧಾನ ಆಗತ್ತೆ, ನಡೆಯೋರಿಗೆ ಹತ್ತೋದು ಇಳಿಯೋದು ಇರಲ್ಲ. ಹೆದ್ದಾರಿ ಥರದ ಜಾಗದಲ್ಲಿ ಇದಕ್ಕೆ ಮುಂಚೆ ಎಚ್ಚರಿಕೆ ಫಲಕ, ಸದ್ದು ಮಾಡೋ ಪಟ್ಟಿಗಳು ಬೇಕು.

ಮೂರು: ಡಿವೈಡರ್‌ನಲ್ಲಿ ನಿಲ್ಲೋ ಜಾಗ. ಈಗ ಜನ ಗಿಡದ ಮಧ್ಯೆ, ಅರ್ಧ ಅಡಿ ಕಲ್ಲಿನ ಮೇಲೆ ಸರ್ಕಸ್ ಮಾಡ್ಕೊಂಡು ನಿಲ್ತಾರೆ. ಹತ್ತು ಜನ, ಒಂದು ವೀಲ್‌ಚೇರ್ ನಿಲ್ಲೋಷ್ಟು ಸಮತಟ್ಟಾದ ಜಾಗ ಮಾಡಿ.

ನಾಲ್ಕು: ದೀಪ. ದಾಟೋ ಜಾಗದ ಮೇಲೆ ನೇರವಾಗಿ ಬೀಳೋ ದೀಪ.

ಐದು: ಬಸ್ ಸ್ಟಾಪ್ ದಾಟೋ ಜಾಗದ ಪಕ್ಕದಲ್ಲಿರಲಿ. ಸ್ಟಾಪ್ ಒಂದು ಕಡೆ, ಜೀಬ್ರಾ ಇನ್ನೂರು ಮೀಟರ್ ಆಚೆ ಇಟ್ರೆ ಯಾರೂ ಹೋಗಲ್ಲ, ನೀವೂ ಹೋಗಲ್ಲ, ನಾನೂ ಹೋಗಲ್ಲ.

ಈ ಐದೂ ಸೇರಿಸಿದ್ರೂ ಲಿಫ್ಟ್ ಇರೋ ಒಂದು ಸೇತುವೆಗಿಂತ ಬೇಗ ಆಗೋ ಕೆಲಸ. ಸರಿಹೋಗಲಿಲ್ಲ ಅಂದ್ರೆ ಬದಲಾಯಿಸಬಹುದು. ಸೇತುವೆ ತಪ್ಪು ಜಾಗದಲ್ಲಿ ಕಟ್ಟಿದ್ರೆ ಅಷ್ಟೇ, ಹಾಕಿದ ದುಡ್ಡು ಹೋಯ್ತು.

(7/8)

"ಆದ್ರೆ..." ಅನ್ನೋರಿಗೆ.

ಆಕ್ಷೇಪಣೆ 1: "ಸಿಗ್ನಲ್ ಹಾಕಿದ್ರೆ ಜಾಮ್ ಆಗತ್ತೆ." ಸ್ವಲ್ಪ ಆಗತ್ತೆ. ಸುಳ್ಳು ಹೇಳಲ್ಲ. ಎರಡು ನಿಮಿಷಕ್ಕೊಮ್ಮೆ ಇಪ್ಪತ್ತು ಸೆಕೆಂಡ್ ನಿಂತರೆ ರಿಂಗ್ ರೋಡ್ ಸುತ್ತೋರಿಗೆ ಕೆಲವು ನಿಮಿಷ ಹೆಚ್ಚು ಹಿಡಿಯತ್ತೆ. ಆ ನಿಮಿಷಗಳನ್ನ ಇವತ್ತು ನಡೆಯೋರು ಕೊಡ್ತಿದ್ದಾರೆ, ಡಿವೈಡರ್ ಮೇಲೆ ನಿಂತು. ಇಬ್ಬರೂ ಹಂಚ್ಕೊಳ್ಳಲಿ ಅಂತ ಹೇಳ್ತಿರೋದು. ಎಸಿ ಹಾಕ್ಕೊಂಡು ಕೂತಿರೋರು ಕಾಯೋದಕ್ಕೂ, ಮಧ್ಯಾಹ್ನದ ಬಿಸಿಲಲ್ಲಿ ಮಗು ಎತ್ಕೊಂಡು ಕಾಯೋದಕ್ಕೂ ವ್ಯತ್ಯಾಸ ಇದೆ.

ಆಕ್ಷೇಪಣೆ 2: "ನಮ್ಮ ಜನಕ್ಕೆ ಶಿಸ್ತಿಲ್ಲ, ಸಿಗ್ನಲ್ ಹಾಕಿದ್ರೂ ಹೆಂಗೆಂಗೋ ದಾಟ್ತಾರೆ." ಶಿಸ್ತಿಲ್ಲದ ಜನ 80 ಮೆಟ್ಟಿಲು ಹತ್ತುತ್ತಾರಾ? ಈ ವಾದ ಸ್ಕೈವಾಕ್‌ಗೆ ಇನ್ನೂ ಜಾಸ್ತಿ ಅನ್ವಯಿಸತ್ತೆ. ಜನ ಹತ್ತಿರದ ದಾರಿ ಹಿಡೀತಾರೆ, ನೀರಿನ ಹಾಗೆ. ಆ ದಾರಿಯನ್ನೇ ಸುರಕ್ಷಿತ ಮಾಡಿ.

ಆಕ್ಷೇಪಣೆ 3: "ಸ್ಕೂಲ್ ಮಕ್ಕಳಿಗೆ ಸೇತುವೆನೇ ಸೇಫ್." ಇದರಲ್ಲಿ ತೂಕ ಇದೆ, ನಾನು ಒಪ್ತೀನಿ. ಗೇಟಿನ ಎದುರೇ ಮೆಟ್ಟಿಲು ಇಳಿಯೋ ಹಾಗಿದ್ರೆ, ಬೆಳಿಗ್ಗೆ ಸಂಜೆ ಟೀಚರ್ ನಿಂತು ಕಳಿಸೋ ಹಾಗಿದ್ರೆ, ಮಕ್ಕಳು ಬಳಸ್ತಾರೆ. ಅಂಥ ಜಾಗ ಇದ್ರೆ ಕಟ್ಟಲಿ. ಆದ್ರೆ ಸಂಜೆ ಏಳಕ್ಕೆ ಟ್ಯೂಷನ್ ಮುಗಿಸಿ ಒಬ್ಬಳೇ ಬರೋ ಹುಡುಗಿಯನ್ನ ಕೇಳಿ ನೋಡಿ, ಜಾಹೀರಾತು ಬೋರ್ಡ್ ಮುಚ್ಚಿರೋ, ದೀಪ ಇಲ್ಲದ ಸೇತುವೆ ಹತ್ತುತ್ತೀಯಾ ಅಂತ. ನನ್ನ ತಂಗಿಯನ್ನ ಕೇಳಿದೆ. "ಗಾಡಿ ಮಧ್ಯೆನೇ ಓಡ್ತೀನಿ, ಅಲ್ಲಿ ನಾಲ್ಕು ಜನ ಇರ್ತಾರೆ" ಅಂದ್ಲು. ಇದನ್ನ ಯಾವ ಇಂಜಿನಿಯರಿಂಗ್ ಡ್ರಾಯಿಂಗಲ್ಲೂ ಬರೆದಿರಲ್ಲ.

ಅದಕ್ಕೇ, ಸೇತುವೆ ಬರೋದೇ ಆದ್ರೆ ನಮ್ಮ ಷರತ್ತುಗಳು ಕಾಗದದ ಮೇಲೆ ಇರಲಿ:

ಎರಡೂ ಕಡೆ ಲಿಫ್ಟ್, ಮೊದಲ ದಿನದಿಂದಲೇ, "ಎರಡನೇ ಹಂತದಲ್ಲಿ" ಅಲ್ಲ. ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದಿದ್ದು 2016ರಲ್ಲಿ, ಇದು ದಯೆ ಅಲ್ಲ, ಕಾನೂನು.
ಲಿಫ್ಟ್ ಎಷ್ಟು ಗಂಟೆಯೊಳಗೆ ರಿಪೇರಿ ಆಗಬೇಕು, ಆಗದಿದ್ರೆ ದಂಡ ಎಷ್ಟು, ಒಪ್ಪಂದದಲ್ಲಿ ಬರೆದಿರಲಿ.
ಪಕ್ಕ ಮುಚ್ಚೋ ಜಾಹೀರಾತು ಬೇಡ, ಒಳಗಿರೋರು ಹೊರಗೆ ಕಾಣಬೇಕು.
ದೀಪ, ಕ್ಯಾಮೆರಾ, ಮಳೆ-ಬಿಸಿಲಿಗೆ ಚಾವಣಿ.
ಸೇತುವೆಯ ಕಂಬ ಫುಟ್‌ಪಾತ್ ನುಂಗಬಾರದು.
ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ಕೆಳಗಿನ ದಾರಿಗೆ ಬೇಲಿ ಹಾಕಬಾರದು.

(8/8)

ಕೊನೆ ಪೋಸ್ಟ್. ಈಗ ಏನು ಮಾಡೋಣ?

ಎಣಿಸೋಣ. ರಸ್ತೆ ಕೆಲಸಕ್ಕೆ ದೇಶದಲ್ಲಿ ನಿಯಮ ಬರೆಯೋದು ಇಂಡಿಯನ್ ರೋಡ್ಸ್ ಕಾಂಗ್ರೆಸ್. ನಡೆಯೋರ ಸೌಲಭ್ಯಕ್ಕೆ ಅವರದ್ದೊಂದು ಪುಸ್ತಕ ಇದೆ, ನಂಬರ್ 103. ಅದರಲ್ಲಿ ಒಂದು ಹಳೇ ಸೂತ್ರ: ಗಂಟೆಗೆ ದಾಟೋ ಜನರ ಸಂಖ್ಯೆಯನ್ನ, ಗಂಟೆಗೆ ಬರೋ ಗಾಡಿಗಳ ಸಂಖ್ಯೆಯಿಂದ ಎರಡು ಸಲ ಗುಣಿಸಿ. ದಟ್ಟಣೆಯ ಗಂಟೆಗಳಲ್ಲಿ ಇದು ಡಿವೈಡರ್ ಇಲ್ಲದ ರಸ್ತೆಯಲ್ಲಿ 10 ಕೋಟಿ, ಡಿವೈಡರ್ ಇರೋ ರಸ್ತೆಯಲ್ಲಿ 20 ಕೋಟಿ ದಾಟಿದ್ರೆ, ಅಲ್ಲಿ ಗಾಡಿ ನಿಯಂತ್ರಿಸಿ ಜನರನ್ನ ದಾಟಿಸೋ ವ್ಯವಸ್ಥೆ ಬೇಕು ಅಂತ ಅರ್ಥ. 300 ಜನ, 1200 ಗಾಡಿ ಅಂದ್ರೆ 300 × 1200 × 1200. 43 ಕೋಟಿ ಚಿಲ್ಲರೆ. ಡಬಲ್‌ಗಿಂತ ಜಾಸ್ತಿ.

ಇದಕ್ಕೆ ಡಿಗ್ರಿ ಬೇಕಾಗಿಲ್ಲ. ನಾಲ್ಕು ಜನ, ನಾಲ್ಕು ಮೊಬೈಲ್, ಒಂದು ನೋಟ್‌ಬುಕ್. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ. ಹದಿನೈದು ನಿಮಿಷಕ್ಕೊಂದು ಸಾಲು. ಇನ್ನೊಂದು ಕಾಲಂ ನಾವೇ ಸೇರಿಸೋಣ: ಬಂದು, ನಿಂತು, ನೋಡಿ, ದಾಟೋಕಾಗದೇ ವಾಪಸ್ ಹೋದೋರು ಎಷ್ಟು ಜನ. ಆಟೋ ಹತ್ತಿದೋರು ಎಷ್ಟು. ಯಾಕಂದ್ರೆ ಆ ಸೂತ್ರ ದಾಟಿದೋರನ್ನ ಮಾತ್ರ ಎಣಿಸತ್ತೆ. ಭಯಪಟ್ಟು ಮನೇಲಿ ಕೂತೋರನ್ನ ಎಣಿಸಲ್ಲ. ರಸ್ತೆ ಎಷ್ಟು ಭಯಂಕರ ಆದ್ರೆ ದಾಟೋರ ಸಂಖ್ಯೆ ಅಷ್ಟು ಕಮ್ಮಿ, "ಇಲ್ಲಿ ಯಾರೂ ದಾಟಲ್ಲ, ಏನೂ ಬೇಡ" ಅಂತ ಹೇಳೋಕೆ ಅಷ್ಟು ಸುಲಭ.

ಆಮೇಲೆ ಮಾಹಿತಿ ಹಕ್ಕಿನ ಅರ್ಜಿ. ಹತ್ತು ರೂಪಾಯಿ, ಮೂವತ್ತು ದಿನ. ಕೇಳಬೇಕಾದ್ದು ಮೂರೇ: ನಮ್ಮ ಭಾಗದ ರಿಂಗ್ ರೋಡ್ ಇವತ್ತಿನ ದಿನ ಯಾರ ಸುಪರ್ದಿಯಲ್ಲಿದೆ? ಕಳೆದ ಐದು ವರ್ಷದಲ್ಲಿ ಇಲ್ಲಿ ನಡೆಯೋರಿಗೆ ಆದ ಅಪಘಾತ ಎಷ್ಟು? ದಾಟೋ ವ್ಯವಸ್ಥೆಗೆ ಏನು ಯೋಜನೆ ಇದೆ? ಮೊದಲ ಪ್ರಶ್ನೆ ಮುಖ್ಯ, ಇಲ್ಲಾಂದ್ರೆ ಆ ಆಫೀಸಿಂದ ಈ ಆಫೀಸಿಗೆ ಅಲೆದಾಡಿಸ್ತಾರೆ.

ಉತ್ತರ ಮತ್ತು ನಮ್ಮ ಎಣಿಕೆ ಎರಡನ್ನೂ ಸೇರಿಸಿ ಸಂಚಾರ ಪೊಲೀಸರಿಗೆ, ರಸ್ತೆಯ ಇಲಾಖೆಗೆ, ಶಾಸಕರಿಗೆ ಮನವಿ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಅಡೆತಡೆ ಇಲ್ಲದ ಫುಟ್‌ಪಾತಲ್ಲಿ ನಡೆಯೋದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಹೇಳಿದೆ. ಫುಟ್‌ಪಾತಿನ ಮೇಲೆ ಬದುಕೋ ಹಕ್ಕಿದ್ದು, ರಸ್ತೆ ಮಧ್ಯೆ ಬಂದ ತಕ್ಷಣ ಅದು ಮುಗಿದುಹೋಗತ್ತಾ?

ಮೈಸೂರಿಗೆ ಇದು ಹೊಸ ವಿದ್ಯೆ ಏನಲ್ಲ. 1903ರಲ್ಲೇ ನಗರ ಸುಧಾರಣೆಗೆ ಅಂತ ಒಂದು ಟ್ರಸ್ಟ್ ಬೋರ್ಡ್ ಮಾಡಿ, ರಸ್ತೆ, ಚರಂಡಿ, ಬಡಾವಣೆ ಯೋಚನೆ ಮಾಡಿ ಕಟ್ಟಿದ ಊರು. ಅರಮನೆ ಸುತ್ತ ನಡೆಯೋಕೆ ಚೆನ್ನಾಗಿದೆ ಅಂತ ಜಗತ್ತೇ ಬರತ್ತೆ. ರಾಜೀವನಗರದ ಅಂಚಲ್ಲೂ ಅದೇ ಮೈಸೂರು ಇರಬೇಕು ಅಂತ ಕೇಳೋದು ಜಾಸ್ತಿ ಆಯ್ತಾ?

ಎಣಿಸೋಕೆ ಬರೋರು ಮೆಸೇಜ್ ಮಾಡಿ. ಭಾನುವಾರ ಬೇಡ, ಕೆಲಸದ ದಿನವೇ ಬೇಕು. ಟೀ ನಂದು.

#ರಾಜೀವನಗರ #ಮೈಸೂರು #ರಿಂಗ್‌ರೋಡ್ #ನಡೆಯೋರಿಗೂರಸ್ತೆ #ನೆಲದಮೇಲೆದಾಟೋಣ